ವಿಮಾನ ಇಳಿದ ನೆಲ, ಕಾರ್ಖಾನೆ ಎದ್ದ ನೆಲ

ಸಣ್ಣ ವಿಮಾನ ಇಳಿಯಲು ಬೇಕಾಗುವುದು ಉದ್ದನೆಯ ಒಂದು ಪಟ್ಟಿ ನೆಲ. ಅದು ಸಮತಟ್ಟಾಗಿರಬೇಕು, ಮಳೆಗಾಲದಲ್ಲಿ ನೀರು ನಿಲ್ಲಬಾರದು, ಎರಡೂ ತುದಿಯಲ್ಲಿ ಮರ, ಕಂಬ, ಕಟ್ಟಡ ಅಡ್ಡ ಬರಬಾರದು, ಒಡೆತನ ಒಂದೇ ಕೈಯಲ್ಲಿರಬೇಕು. ಕಾರ್ಖಾನೆಗೆ ಜಾಗ ಹುಡುಕುವವರು ಕೇಳುವುದೂ ಹೆಚ್ಚುಕಡಿಮೆ ಇಂಥದೇ ನೆಲವನ್ನು. ಆದ್ದರಿಂದ ಕೈಗಾರಿಕೆ ಬೆಳೆಯುವ ಸೀಮೆಯಲ್ಲಿ ಏರ್‌ಸ್ಟ್ರಿಪ್‌ಗಳ ಬದುಕು ಯಾವಾಗಲೂ ಅನಿಶ್ಚಿತ. ಅವು ಹೊಲ, ಗೋಮಾಳ, ಬೀಳುಭೂಮಿಗಳಿಂದ ಹುಟ್ಟುತ್ತವೆ, ಒಂದೆರಡು ತಲೆಮಾರು ಬಾಳುತ್ತವೆ, ಆಮೇಲೆ ಶೆಡ್ಡು, ಗೋದಾಮು, ರಸ್ತೆಗಳ ಕೆಳಗೆ ಸೇರಿಹೋಗುತ್ತವೆ.

ಕೋಲಾರ ಚಿನ್ನದ ಗಣಿ (ಕೆಜಿಎಫ್), ಬಂಗಾರಪೇಟೆ, ಕೋಲಾರ, ಅಲ್ಲಿಂದ ಬೆಂಗಳೂರಿನ ಪೂರ್ವ ಅಂಚಿನವರೆಗಿನ ನೂರು ಕಿಲೋಮೀಟರ್ ಸೀಮೆಯಲ್ಲಿ ನೆಲದ ಇಂಥ ಕೈಬದಲಾವಣೆ ನೂರೈವತ್ತು ವರ್ಷಗಳಿಂದ ನಡೆದುಬಂದಿದೆ. ಇಲ್ಲಿ ಗಣಿ ಬಂತು, ರೈಲು ಬಂತು, ಯುದ್ಧಕಾಲದ ವಿಮಾನನೆಲೆಗಳು ಬಂದವು, ವಿಮಾನ ಕಾರ್ಖಾನೆಯ ಒಂದು ಕವಲಿನಿಂದ ಬುಲ್ಡೋಜರ್ ಕಾರ್ಖಾನೆ ಬಂತು. ಈಗ ಅದೇ ಭಾಗದಲ್ಲಿ ಹೊಸ ಕೈಗಾರಿಕಾ ಪಟ್ಟಣಕ್ಕೆ ಸಿದ್ಧತೆ ನಡೆದಿದೆ. ಏರ್‌ಸ್ಟ್ರಿಪ್ ಹೇಗೆ ಹುಟ್ಟುತ್ತದೆ, ಹೇಗೆ ಕಾಣೆಯಾಗುತ್ತದೆ, ಹಾಗೆ ಕಾಣೆಯಾದಾಗ ಏನು ಉಳಿಯಬೇಕು ಎಂಬುದನ್ನು ತಿಳಿಯಲು ಈ ಸೀಮೆಯ ಕಥೆ ಒಳ್ಳೆಯ ಪಾಠ.

ರನ್‌ವೇಗೆ ಎಂಥ ನೆಲ ಬೇಕು

ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗಾಗಿ ರನ್‌ವೇ ಯಾವ ದಿಕ್ಕಿಗೆ ಮುಖಮಾಡಬೇಕೆಂದು ಮೊದಲು ಹೇಳುವುದು ಗಾಳಿ. ಬೆಂಗಳೂರು–ಕೋಲಾರ ಪ್ರಸ್ಥಭೂಮಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈರುತ್ಯದ ಗಾಳಿ ಬಲವಾಗಿ ಬೀಸುತ್ತದೆ. ಚಳಿಗಾಲದಲ್ಲಿ ಅದು ಪೂರ್ವ, ಈಶಾನ್ಯಕ್ಕೆ ತಿರುಗುತ್ತದೆ. ಈ ಭಾಗದ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿರುವುದಕ್ಕೆ ಇದೇ ಕಾರಣ. ಎಚ್‌ಎಎಲ್, ಯಲಹಂಕ, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಗಳ ರನ್‌ವೇಗಳಿಗೆ 09 ಮತ್ತು 27 ಎಂಬ ಅಂಕಿಗಳಿವೆ. ದಿಕ್ಸೂಚಿಯ 90 ಮತ್ತು 270 ಡಿಗ್ರಿ, ಅಂದರೆ ನೇರ ಪೂರ್ವ ಮತ್ತು ನೇರ ಪಶ್ಚಿಮ ಎಂದು ಇದರ ಅರ್ಥ. ಜಕ್ಕೂರಿನದು 08 ಮತ್ತು 26. ಅದೂ ಹೆಚ್ಚುಕಡಿಮೆ ಅದೇ ದಿಕ್ಕು.

ಎರಡನೆಯ ಪ್ರಶ್ನೆ ಉದ್ದದ್ದು. ಎತ್ತರದ ಊರಿನಲ್ಲಿ ಗಾಳಿ ತೆಳು, ರೆಕ್ಕೆಗೆ ಸಿಗುವ ಆಸರೆ ಕಡಿಮೆ. ವಿಮಾನ ಇನ್ನಷ್ಟು ದೂರ ಓಡಿಯೇ ಮೇಲೇಳಬೇಕು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇ ಉದ್ದ ಶೇ 7ರಷ್ಟು ಹೆಚ್ಚಿರಬೇಕು ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಲೆಕ್ಕ. ಕೆಜಿಎಫ್ ಇರುವುದು ಸುಮಾರು 850 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಶೇ 20ರಷ್ಟು ಕೂಡಿಸಬೇಕಾಯಿತು. ಬಿಸಿಲಿಗೂ ಲೆಕ್ಕವಿದೆ. ಆ ಎತ್ತರಕ್ಕೆ ನಿಗದಿಯಾದ ಪ್ರಮಾಣಿತ ತಾಪಕ್ಕಿಂತ ಹೆಚ್ಚಾದ ಪ್ರತಿ ಡಿಗ್ರಿಗೆ ಶೇ 1ರಷ್ಟು ಉದ್ದ ಸೇರುತ್ತದೆ. ಕರಾವಳಿಯ ತಂಪು ಹೊತ್ತಿನಲ್ಲಿ 600 ಮೀಟರ್ ಸಾಲುವ ವಿಮಾನಕ್ಕೆ ಏಪ್ರಿಲ್‌ನ ಮಧ್ಯಾಹ್ನ ಈ ಸೀಮೆಯಲ್ಲಿ ಸುಮಾರು 900 ಮೀಟರ್ ಬೇಕಾಗುವುದು ಹೀಗೆ.

ಮೂರನೆಯದು, ರನ್‌ವೇಯ ಆಚೆಗಿನ ನೆಲ. ಇಳಿಯುವ ವಿಮಾನ ದೂರದಿಂದಲೇ ಓರೆಯಾಗಿ ಕೆಳಗೆ ಬರುತ್ತದೆ. ಆ ಓರೆ ದಾರಿಗೆ ಏನೂ ಅಡ್ಡ ಇರಬಾರದು. ಅತಿ ಸಣ್ಣ ದರ್ಜೆಯ ರನ್‌ವೇಯಲ್ಲಿ ಈ ಓರೆ 20ಕ್ಕೆ 1ರ ಪ್ರಮಾಣದಲ್ಲಿರುತ್ತದೆ. ಅಂದರೆ ಆ ದಾರಿಯಲ್ಲಿ 30 ಮೀಟರ್ ಎತ್ತರದ ಗೋಪುರವಿದ್ದರೆ ಅದು ರನ್‌ವೇ ತುದಿಯಿಂದ 600 ಮೀಟರ್‌ಗಿಂತ ಹೆಚ್ಚು ದೂರದಲ್ಲಿರಬೇಕು. ರನ್‌ವೇಗೆ ಬೇಲಿ ಹಾಕಿದರೆ ಸಾಲದು, ಬೇಲಿಯ ಆಚೆಗೂ ಯಾರೂ ಎತ್ತರ ಕಟ್ಟದಂತೆ ನೋಡಿಕೊಳ್ಳಬೇಕು. ಏರ್‌ಸ್ಟ್ರಿಪ್‌ನ ಮೊದಲ ದೌರ್ಬಲ್ಯ ಇಲ್ಲಿಯೇ ಇದೆ. ಅದರ ಉಸಿರು ನೆರೆಯವರ ಜಮೀನಿನ ಮೇಲೆ ಹಾದುಹೋಗುತ್ತದೆ.

ಚಿನ್ನದ ಗಣಿಯ ಸಾಲಿನ ನೆಲಕ್ಕೆ ಈ ಅಳತೆಗೋಲುಗಳನ್ನು ಹಿಡಿದರೆ ತೊಡಕು ಸ್ಪಷ್ಟವಾಗುತ್ತದೆ. ಚಿನ್ನದ ಪದರ ಉತ್ತರ–ದಕ್ಷಿಣವಾಗಿ ಹಾದುಹೋಗಿದೆ. ಬಾಲಘಾಟ್, ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಗಣಿಗಳು ಅದರ ಜಾಡನ್ನೇ ಹಿಡಿದು ಸಾಲಾಗಿ ನಿಂತವು. ಶಾಫ್ಟ್‌ಗಳ ಮೇಲಿನ ಉಕ್ಕಿನ ಗೋಪುರಗಳು, ಹೊಗೆಕೊಳವೆಗಳು, ಗಣಿಮಣ್ಣಿನ ದಿಬ್ಬಗಳೂ ಅದೇ ಸಾಲಿನಲ್ಲಿವೆ. ಗಾಳಿ ಕೇಳುವುದು ಪೂರ್ವ–ಪಶ್ಚಿಮದ ದಾರಿ, ಗಣಿ ಬೆಳೆದದ್ದು ಅದಕ್ಕೆ ಅಡ್ಡಲಾಗಿ. ಗಣಿಸಾಲಿನ ಹೊರಗಿನ ಬಯಲು ಮಾತ್ರ ವಿಮಾನಕ್ಕೆ ಒದಗುವಂಥದು.

ಕಂಪನಿಯ ನೆಲ

ವಿಮಾನ ಹುಟ್ಟುವ ಮೊದಲೇ ಕೆಜಿಎಫ್‌ನಲ್ಲಿ ‘ಕಂಪನಿಯ ನೆಲ’ ಎಂಬ ವ್ಯವಸ್ಥೆ ಬೇರೂರಿತ್ತು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಮಾರಿಕುಪ್ಪಂ ಸುತ್ತ ಚಿನ್ನವಿರುವುದನ್ನು ವರದಿ ಮಾಡಿದ. 1870ರ ದಶಕದಲ್ಲಿ ಮೈಕೆಲ್ ಲ್ಯಾವೆಲ್ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂದ ಮೇಲೆ ಕೆಲಸ ದೊಡ್ಡದಾಯಿತು. ಗಣಿಗೆ ಬೇಕಾದ ಸೌಕರ್ಯಗಳೆಲ್ಲ ಹಿಂದೆಯೇ ಬಂದವು. 1864ರಲ್ಲಿಯೇ ಜೋಲಾರಪೇಟೆ–ಬೆಂಗಳೂರು ರೈಲುಮಾರ್ಗ ಈ ಸೀಮೆಯನ್ನು ಹಾದುಹೋಗಿತ್ತು. ಅದರ ಮೇಲಿದ್ದ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ಗಣಿಗಾಗಿಯೇ ಒಂದು ಕವಲು ಹಾಕಿದರು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಹೊತ್ತಿದ್ದ ಆ ಊರೇ ಇಂದಿನ ಬಂಗಾರಪೇಟೆ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಕುಡಿಯುವ ನೀರು ಬೇತಮಂಗಲದ ಕೆರೆಯಿಂದ ಬಂತು.

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಡುವ ರೈಲಿನಲ್ಲಿ ಕೂತರೆ ಈ ಚರಿತ್ರೆ ನಿಲ್ದಾಣಗಳ ಹೆಸರಿನಲ್ಲಿಯೇ ಸಿಗುತ್ತದೆ. ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಮೊದಲನೆಯದು ಕಾರ್ಖಾನೆಯ ಹೆಸರು, ನಡುವಿನ ಮೂರು ಗಣಿಗಳ ಹೆಸರು. ಕಿಟಕಿಯ ಆಚೆ ಬೂದುಬಣ್ಣದ ದಿಬ್ಬಗಳು ಕಾಣುತ್ತವೆ. ಅವುಗಳ ನೆತ್ತಿ ಚಪ್ಪಟೆ, ಮೈತುಂಬ ಮಳೆನೀರು ಕೊರೆದ ಸೀಳುಗಳು. ಊರವರು ಅವನ್ನು ‘ಸೈನೈಡ್ ಗುಡ್ಡ’ ಎನ್ನುತ್ತಾರೆ. ಅರೆದ ಕಲ್ಲಿನ ಪುಡಿಯಿಂದ ಸೈನೈಡ್ ದ್ರಾವಣದ ಮೂಲಕ ಚಿನ್ನ ಬಿಡಿಸಿಕೊಂಡು, ಉಳಿದ ಕೆಸರನ್ನು ಸುರಿದು ಬೆಳೆಸಿದ ಗುಡ್ಡಗಳಿವು. ಗಣಿಗಳು ಮುಚ್ಚಿ ವರ್ಷಗಳಾದರೂ ಅವುಗಳ ಹೆಸರುಗಳು ರೈಲ್ವೆ ವೇಳಾಪಟ್ಟಿಯಲ್ಲಿ ಭದ್ರವಾಗಿವೆ.

ಖಾಸಗಿ ಕಂಪನಿಯೊಂದು ಕಟ್ಟಿದ ವಿಮಾನ ಮೈದಾನ

ಈ ಸೀಮೆಗೆ ವಿಮಾನ ದೊಡ್ಡ ಪ್ರಮಾಣದಲ್ಲಿ ಬಂದದ್ದು ಎರಡನೆಯ ಮಹಾಯುದ್ಧದ ಕಾಲಕ್ಕೆ. ಬಂದದ್ದು ಖಾಸಗಿ ಉದ್ಯಮಿಯೊಬ್ಬರ ಹಟದಿಂದ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ನೋಂದಾಯಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರ ಬಂಡವಾಳಕ್ಕೆ 25 ಲಕ್ಷ ರೂಪಾಯಿ ಹಾಕಿತು, ನಗರದ ಪೂರ್ವಕ್ಕೆ ಸುಮಾರು 700 ಎಕರೆ ಜಮೀನು ಕೊಟ್ಟಿತು. ವಿಮಾನ ತಯಾರಿಸುವ ಕಾರ್ಖಾನೆಗೆ ಅದನ್ನು ಹಾರಿಸಿ ನೋಡುವ ಮೈದಾನ ಪಕ್ಕದಲ್ಲಿಯೇ ಬೇಕು. ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣ ಹೀಗೆ ಒಂದು ಕಂಪನಿಯ ಮೈದಾನವಾಗಿ ಹುಟ್ಟಿತು.

1941ರ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಮೊದಲ ವಿಮಾನ, ಹಾರ್ಲೋ ತರಬೇತಿ ವಿಮಾನ, ಮೇಲೇರಿತು. ಅದೇ ವರ್ಷ ಭಾರತ ಸರ್ಕಾರವೂ ಪಾಲು ಹಾಕಿತ್ತು. 1942ರಲ್ಲಿ ಜಪಾನಿನ ಸೇನೆ ಬರ್ಮಾದವರೆಗೆ ಬಂದಾಗ ವಾಲ್‌ಚಂದರ ಪಾಲನ್ನು ಸರ್ಕಾರ ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಯುದ್ಧವಿಮಾನಗಳ ದುರಸ್ತಿ ಅದರ ಮುಖ್ಯ ಕೆಲಸವಾಯಿತು. ಖಾಸಗಿಯಾಗಿ ಹುಟ್ಟಿದ ಮೈದಾನ ಮೂರೇ ವರ್ಷದಲ್ಲಿ ಸೇನೆಯ ನೆಲೆಯಾಗಿತ್ತು.

ಬರ್ಮಾ ಯುದ್ಧರಂಗದ ಹಿಂಬದಿಯಲ್ಲಿ, ಶತ್ರುವಿಮಾನಗಳ ಕೈಗೆಟುಕದ ದಕ್ಷಿಣ ಪ್ರಸ್ಥಭೂಮಿ ತರಬೇತಿಗೆ ಹೇಳಿಮಾಡಿಸಿದ ಜಾಗವಾಗಿತ್ತು. ಯಲಹಂಕದಲ್ಲಿ ಮಾಸ್ಕಿಟೋ ವಿಮಾನಗಳ ತರಬೇತಿ ಘಟಕವಿತ್ತು. ಕೋಲಾರದ ವಿಮಾನನೆಲೆಯಲ್ಲಿ ಬ್ರಿಟಿಷ್ ವಾಯುಸೇನೆಯ 1673ನೇ ಭಾರೀ ವಿಮಾನ ತರಬೇತಿ ಘಟಕವಿತ್ತು. ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರ್ ಹಾರಿಸುವುದನ್ನು ಅಲ್ಲಿ ಕಲಿಸುತ್ತಿದ್ದರು. ಆ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 33 ಮೀಟರ್‌ಗೂ ಹೆಚ್ಚು. 1944ರ ನವೆಂಬರ್ 8ರಂದು ಇದೇ ಘಟಕದಿಂದ 358ನೇ ಸ್ಕ್ವಾಡ್ರನ್ ಕೋಲಾರದಲ್ಲಿಯೇ ಹುಟ್ಟಿತು. ಮುಂದೆ ಬಂಗಾಳದ ನೆಲೆಗಳಿಗೆ ಹೋಗಿ, ಬರ್ಮಾ, ಸಯಾಮ್, ಇಂಡೋಚೀನಾಗಳಲ್ಲಿ ಶತ್ರುಸಾಲಿನ ಹಿಂದೆ ಗುಪ್ತಚರರನ್ನೂ ಸಾಮಾನುಗಳನ್ನೂ ಇಳಿಸುವ ಕೆಲಸ ಅದರದಾಯಿತು. 1945ರ ನವೆಂಬರ್‌ನಲ್ಲಿ ಅದನ್ನು ವಿಸರ್ಜಿಸಿದರು.

ರಾಗಿ ಬೆಳೆಯುವ, ಕೆರೆಗಳಿಗೆ ಹೆಸರಾದ ಸೀಮೆಯೊಂದು ದೂರದೇಶದ ಯುದ್ಧಕ್ಕೆ ಹೀಗೆ ರನ್‌ವೇ ಒದಗಿಸಿತು. ಭಾರತದಲ್ಲಿ ಆ ಕಾಲದಲ್ಲಿ ಇಂಥ ನೂರಾರು ಮೈದಾನಗಳು ಎದ್ದವು. ಯುದ್ಧ ಮುಗಿದ ಮೇಲೆ ಅವುಗಳ ಪೈಕಿ ಕೆಲವು ವಾಯುಪಡೆಗೆ, ಕೆಲವು ನಾಗರಿಕ ವಿಮಾನಯಾನಕ್ಕೆ ಸೇರಿದವು. ಅನೇಕ ಮೈದಾನಗಳು ಮತ್ತೆ ದನ ಮೇಯುವ ಬಯಲಾದವು.

ವಿಮಾನದಿಂದ ಬುಲ್ಡೋಜರ್‌ಗೆ

ಯುದ್ಧ ಮುಗಿದಾಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕೈಯಲ್ಲಿ ದೊಡ್ಡ ಶೆಡ್ಡುಗಳಿದ್ದವು, ಲೋಹದ ಕೆಲಸ ಬಲ್ಲ ಸಾವಿರಾರು ಕೈಗಳಿದ್ದವು, ವಿಮಾನದ ಬೇಡಿಕೆ ಮಾತ್ರ ಕುಸಿದಿತ್ತು. ಕಾರ್ಖಾನೆ ರೈಲ್ವೆ ಬೋಗಿಗಳನ್ನು ಕಟ್ಟತೊಡಗಿತು. 1964ರಲ್ಲಿ ಕೇಂದ್ರ ಸರ್ಕಾರ ಭಾರತ್ ಅರ್ಥ್ ಮೂವರ್ಸ್ ಎಂಬ ಹೊಸ ಸಂಸ್ಥೆ ಸ್ಥಾಪಿಸಿ, 1965ರ ಜನವರಿಯಲ್ಲಿ ಈ ಬೋಗಿ ವಿಭಾಗವನ್ನು ಅದಕ್ಕೆ ವಹಿಸಿತು. ಅದೇ ಇಂದಿನ ಬೆಮೆಲ್. ಮಣ್ಣು ಅಗೆಯುವ, ತಳ್ಳುವ, ಮಟ್ಟ ಮಾಡುವ ಯಂತ್ರಗಳನ್ನು ತಯಾರಿಸಲು ಅದು ಆರಿಸಿಕೊಂಡ ಜಾಗ ಕೆಜಿಎಫ್. ರೈಲು, ವಿದ್ಯುತ್, ಯಂತ್ರದ ಒಡನಾಟವಿದ್ದ ಕೆಲಸಗಾರರ ಮನೆತನಗಳು, ಎಲ್ಲವೂ ಅಲ್ಲಿದ್ದವು.

ಚಿನ್ನದ ಗಣಿ ಆಗಲೇ ಇಳಿಮುಖವಾಗಿತ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ಆಳ 3,000 ಮೀಟರ್ ದಾಟಿತ್ತು. ಅಷ್ಟು ಕೆಳಗಿನಿಂದ ಅದಿರು ಎತ್ತುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಊರಿನ ಲೈನುಮನೆಗಳಿಂದ ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಬದುಕು ಗಟ್ಟಿಯಾಯಿತು.

ವಿಮಾನ ಮೈದಾನದಲ್ಲಿ ಹುಟ್ಟಿದ ಕಾರ್ಖಾನೆಯ ಕವಲು ಕೆಜಿಎಫ್‌ಗೆ ಬಂದು ಬುಲ್ಡೋಜರ್ ಮಾಡಿತು. ದೇಶದಲ್ಲಿ ಹೊಲ, ದಿಣ್ಣೆ, ಹಳೆಯ ಮೈದಾನಗಳನ್ನು ಮಟ್ಟಮಾಡಿ ಹೊಸ ಬಡಾವಣೆ, ಹೆದ್ದಾರಿ, ಕೈಗಾರಿಕಾ ಪ್ರದೇಶಗಳಿಗೆ ಅಣಿಗೊಳಿಸಿದ ಯಂತ್ರಗಳಲ್ಲಿ ಕೆಜಿಎಫ್‌ನಲ್ಲಿ ತಯಾರಾದವೂ ಇವೆ.

ಏರ್‌ಸ್ಟ್ರಿಪ್ ಕಾಣೆಯಾಗುವ ಬಗೆ

ಏರ್‌ಸ್ಟ್ರಿಪ್ ಒಂದೇ ದಿನದಲ್ಲಿ ಅಳಿಯುವುದು ಅಪರೂಪ. ಸಾಮಾನ್ಯವಾಗಿ ಅದು ಹಲವು ವರ್ಷಗಳಲ್ಲಿ, ಹಂತಹಂತವಾಗಿ ನಡೆಯುತ್ತದೆ.

ಮೊದಲು ಹಾರಾಟ ವಿರಳವಾಗುತ್ತದೆ. ಮೈದಾನ ಕಟ್ಟಿಸಿದ ಕಂಪನಿಯ ಮಾಲೀಕತ್ವ ಬದಲಾಗುತ್ತದೆ, ಒಳ್ಳೆಯ ರಸ್ತೆ ಬರುತ್ತದೆ, ಪಕ್ಕದ ಜಿಲ್ಲೆಯಲ್ಲಿ ದೊಡ್ಡ ನಿಲ್ದಾಣ ಏಳುತ್ತದೆ. ಪರವಾನಗಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ಅದಕ್ಕೆ ಬೇಲಿ, ಅಗ್ನಿಶಾಮಕ ವ್ಯವಸ್ಥೆ, ಗಾಳಿಚೀಲ, ರನ್‌ವೇ ದುರಸ್ತಿ ಎಲ್ಲವೂ ಸರಿಯಾಗಿರಬೇಕು. ತಿಂಗಳಿಗೊಂದು ವಿಮಾನ ಬರುವ ಜಾಗಕ್ಕೆ ಈ ಖರ್ಚು ಹೊರೆಯೆನಿಸಿ ಪರವಾನಗಿಯನ್ನು ಕೈಬಿಡುತ್ತಾರೆ. ಆಮೇಲೆ ಕಾಂಕ್ರೀಟಿನ ಸಂದುಗಳಲ್ಲಿ ಹುಲ್ಲು ಏಳುತ್ತದೆ. ಸುಗ್ಗಿಯಲ್ಲಿ ಊರವರು ರಾಗಿ, ಹುರುಳಿ ಒಣಹಾಕುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ, ಸ್ಕೂಟರ್ ಕಲಿಯುವವರಿಗೆ ಅದು ಒಳ್ಳೆಯ ಜಾಗವಾಗುತ್ತದೆ.

ಎರಡನೆಯ ಹಂತದಲ್ಲಿ ಸುತ್ತಲಿನ ಆಕಾಶ ಮುಚ್ಚುತ್ತದೆ. ತುದಿಯಲ್ಲಿ ಒಂದು ಮೊಬೈಲ್ ಗೋಪುರ, ಒಂದು ವಿದ್ಯುತ್ ಮಾರ್ಗ, ನಾಲ್ಕು ಮಹಡಿಯ ಒಂದು ಕಟ್ಟಡ ಎದ್ದರೆ ಸಾಕು, ಓರೆ ದಾರಿ ಮುರಿಯುತ್ತದೆ. ಬೆಂಗಳೂರಿನ ಜಕ್ಕೂರು ಇದಕ್ಕೆ ಕಣ್ಣೆದುರಿನ ಉದಾಹರಣೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಮೈಸೂರು ಅರಸರ ಬೆಂಬಲದಿಂದ, ಇನ್ನೂರು ಎಕರೆಗೂ ಹೆಚ್ಚು ನೆಲದಲ್ಲಿ ಅಲ್ಲಿನ ಸರ್ಕಾರಿ ವಿಮಾನ ತರಬೇತಿ ಶಾಲೆ ಶುರುವಾಯಿತು. ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಮೇಲ್ಸೇತುವೆ ಎದ್ದ ಮೇಲೆ ರನ್‌ವೇಯ ಒಂದು ತುದಿ ಉಪಯೋಗಕ್ಕೆ ಬಾರದಾಗಿ, ಹಾರಲು ಸಿಗುವ ಉದ್ದ ಕಡಿಮೆಯಾಯಿತು. ದೊಡ್ಡ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯೇ ಸಣ್ಣ ವಿಮಾನ ಮೈದಾನಕ್ಕೆ ಅಡ್ಡಬಂದಿತ್ತು.

ಮೂರನೆಯ ಹಂತದಲ್ಲಿ ಜಮೀನಿನ ಬೆಲೆ ನಿರ್ಧಾರ ಮಾಡುತ್ತದೆ. ಹೊಲಗಳನ್ನು ಸ್ವಾಧೀನ ಪಡಿಸಿಕೊಳ್ಳಬೇಕಾದರೆ ನೂರಾರು ಪಹಣಿ, ನೂರಾರು ಕುಟುಂಬಗಳ ಒಪ್ಪಿಗೆ, ಪರಿಹಾರ, ನ್ಯಾಯಾಲಯದ ವ್ಯಾಜ್ಯ ಎಲ್ಲ ಬರುತ್ತವೆ. ಏರ್‌ಸ್ಟ್ರಿಪ್‌ನಲ್ಲಿ ಆ ತಾಪತ್ರಯವಿಲ್ಲ. ನೂರೋ ಇನ್ನೂರೋ ಎಕರೆ ಒಂದೇ ಹೆಸರಿನಲ್ಲಿದೆ, ಮಟ್ಟವಾಗಿದೆ, ರಸ್ತೆಗೆ ಸೇರಿದೆ. ಮೊದಲ ಬಾರಿಗೆ ಆ ನೆಲ ರೈತರಿಂದ, ಗೋಮಾಳದಿಂದ ಹೋದಾಗ ಕೊಟ್ಟ ಕಾರಣ ವಿಮಾನ. ಎರಡನೆಯ ಬಾರಿ ಅದು ಕೈಬದಲಾಯಿಸುವಾಗ ಮೂಲ ಕಾರಣವನ್ನು ಯಾರೂ ಎತ್ತುವುದಿಲ್ಲ, ಏಕೆಂದರೆ ಎತ್ತಬೇಕಾದವರ ಹೆಸರು ದಾಖಲೆಯಲ್ಲಿ ಉಳಿದಿರುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಲಂಡನ್ನಿನ ಮೊದಲ ಮುಖ್ಯ ವಿಮಾನ ನಿಲ್ದಾಣವಾಗಿದ್ದ ಕ್ರಾಯ್ಡನ್ 1920ರಲ್ಲಿ ಶುರುವಾಗಿ 1959ರ ಸೆಪ್ಟೆಂಬರ್ 30ರಂದು ಮುಚ್ಚಿತು. 1930ರಲ್ಲಿ ಏಮಿ ಜಾನ್ಸನ್ ಒಬ್ಬಂಟಿಯಾಗಿ ಆಸ್ಟ್ರೇಲಿಯಾಕ್ಕೆ ಹಾರಿದ್ದು ಅಲ್ಲಿಂದಲೇ. ಮುಚ್ಚಿದ ಮೇಲೆ ಆ ನೆಲದ ಬಹುಪಾಲು ಕೈಗಾರಿಕಾ ಬಡಾವಣೆ, ಮನೆಗಳಿಗೆ ಹೋಯಿತು. ಆದರೆ 1928ರ ನಿಲ್ದಾಣದ ಕಟ್ಟಡವನ್ನು ಉಳಿಸಿಕೊಂಡು ಅದರೊಳಗೆ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಮೈದಾನ ಹೋದರೂ ಅದರ ಗುರುತು ನಿಂತಿದೆ.

ಬೆಂಗಳೂರಿನ ಎಚ್‌ಎಎಲ್ ಮೈದಾನದ ಕಥೆ ಇದಕ್ಕಿಂತ ಭಿನ್ನ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ ಇಲ್ಲಿಂದ ಪ್ರಯಾಣಿಕರ ವಿಮಾನಗಳು ನಿಂತವು. ವಿಮಾನ ತಯಾರಿಕೆ, ಪರೀಕ್ಷಾ ಹಾರಾಟ, ಸೇನೆಯ ಕೆಲಸ ಅಲ್ಲಿಯೇ ಮುಂದುವರಿದದ್ದರಿಂದ ರನ್‌ವೇ ಉಳಿದುಕೊಂಡಿತು. ಕೈಗಾರಿಕೆಯ ಕೆಲಸಕ್ಕೆ ರನ್‌ವೇ ಬೇಕೇಬೇಕೆನ್ನುವ ಜಾಗದಲ್ಲಿ ಅದು ಬದುಕುತ್ತದೆ. ಬರೀ ಅಧಿಕಾರಿಗಳ ಓಡಾಟಕ್ಕೆ ಕಟ್ಟಿದ್ದರೆ ಕೈಗಾರಿಕೆಯೇ ಒಂದು ದಿನ ಅದನ್ನು ತನ್ನೊಳಗೆ ಸೇರಿಸಿಕೊಳ್ಳಬಹುದು.

ಬದುಕಿರುವ ಖಾಸಗಿ ರನ್‌ವೇಗಳು

ಕರ್ನಾಟಕದಲ್ಲಿ ಕಂಪನಿಗಳು ಕಟ್ಟಿಸಿದ ಕೆಲವು ಏರ್‌ಸ್ಟ್ರಿಪ್‌ಗಳಿವೆ. ಹರಿಹರದಲ್ಲಿ ನಾರು ಕಾರ್ಖಾನೆ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆ, ಕೊಪ್ಪಳದಲ್ಲಿ ಅದಿರು ಉದ್ಯಮ, ತೋರಣಗಲ್ಲಿನ ವಿದ್ಯಾನಗರದಲ್ಲಿ ಉಕ್ಕಿನ ಕಾರ್ಖಾನೆ ಇವುಗಳಿಗೆ ಅಂಟಿಕೊಂಡು ರನ್‌ವೇಗಳು ಹುಟ್ಟಿದವು. ದೂರದ ಕಾರ್ಖಾನೆಗೆ ತಜ್ಞರನ್ನು, ಆಡಳಿತದವರನ್ನು ಬೇಗ ಕರೆತರುವುದು ಇವುಗಳ ಮೂಲ ಉದ್ದೇಶ. ಇವುಗಳಲ್ಲಿ ವಿದ್ಯಾನಗರದ ನಿಲ್ದಾಣ ಸಾರ್ವಜನಿಕರಿಗೂ ತೆರೆಯಿತು. 2017ರಲ್ಲಿ ಉಡಾನ್ ಯೋಜನೆಯಡಿ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರಿತು. ಹಂಪಿಗೆ ಬರುವವರಿಗೂ ಅದು ಅನುಕೂಲವಾಯಿತು.

ಕೋಲಾರ ಜಿಲ್ಲೆಯ ಗಡಿ ದಾಟಿದರೆ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಬೆಳಗೊಂಡಪಳ್ಳಿಯಲ್ಲಿ ತನೇಜಾ ಏರೋಸ್ಪೇಸ್ ಸಂಸ್ಥೆಯ ಖಾಸಗಿ ಏರ್‌ಸ್ಟ್ರಿಪ್ ಇದೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಸೀಮೆ ಅದು. 1990ರ ದಶಕದಲ್ಲಿ ಅಲ್ಲಿ ಸಣ್ಣ ವಿಮಾನಗಳನ್ನು ತಯಾರಿಸಿದರು. ಹೊಸೂರಿಗೆ ವಿಮಾನ ನಿಲ್ದಾಣ ಬೇಕೆಂಬ ಮಾತು ಬಂದಾಗಲೆಲ್ಲ ಈ ರನ್‌ವೇ ಚರ್ಚೆಗೆ ಬರುತ್ತದೆ. ಆದರೆ ಬೆಂಗಳೂರು ನಿಲ್ದಾಣದ ಸುತ್ತ 150 ಕಿಲೋಮೀಟರ್ ಒಳಗೆ ಹೊಸ ನಿಲ್ದಾಣಕ್ಕೆ 2033ರವರೆಗೆ ಒಪ್ಪಂದದ ತಡೆಯಿದೆ. ಕೋಲಾರ, ಬಂಗಾರಪೇಟೆ, ಕೆಜಿಎಫ್ ಕೂಡ ಅದೇ ವೃತ್ತದೊಳಗಿವೆ. ಸಣ್ಣ ಏರ್‌ಸ್ಟ್ರಿಪ್‌ಗಳಿಗೆ ಹೊಸ ಬದುಕು ಸಿಗದಿರುವುದಕ್ಕೆ ಇಂಥ ಒಪ್ಪಂದಗಳೂ ಒಂದು ಕಾರಣ.

ಕೆಜಿಎಫ್‌ನ ನೆಲ ಈಗ

ಕೋಲಾರ ಜಿಲ್ಲೆಯಲ್ಲಿ ಕೈಗಾರಿಕೆಗೆ ಜಮೀನಿನ ಬೇಡಿಕೆ ಹಿಂದೆಂದಿಗಿಂತ ಹೆಚ್ಚಿದೆ. ಮಾಲೂರು, ನರಸಾಪುರ, ವೇಮಗಲ್‌ಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ನರಸಾಪುರದಲ್ಲಿ ಹೋಂಡಾ ಸ್ಕೂಟರ್‌ಗಳೂ ಐಫೋನ್‌ಗಳೂ ತಯಾರಾಗುತ್ತವೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ, ಕೆಜಿಎಫ್ ಸೀಮೆಗಳನ್ನು ಹಾದುಹೋಗುತ್ತದೆ. ರಸ್ತೆ ಬಂದ ಕಡೆ ಶೆಡ್ಡುಗಳು ಬರುತ್ತವೆ.

ಕೆಜಿಎಫ್‌ನಲ್ಲಿ ಬೆಮೆಲ್ ಬಳಸದೆ ಬಿಟ್ಟಿದ್ದ ಸುಮಾರು 970 ಎಕರೆಯನ್ನು ರಾಜ್ಯ ಸರ್ಕಾರ ಕೈಗಾರಿಕಾ ವಲಯಕ್ಕೆಂದು ಮರಳಿ ಪಡೆಯಿತು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಇನ್ನೊಂದು ತೀರ್ಮಾನ ಮಾಡಿತು. ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ 13 ಸೈನೈಡ್ ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಆ ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ಗಣಿಮಣ್ಣಿದೆ. ಗಣಿ ಸಂಸ್ಥೆಯ ಮಿಕ್ಕ ಜಮೀನಿನಲ್ಲಿ ಕೈಗಾರಿಕಾ ಪಟ್ಟಣ ಕಟ್ಟುವುದು ರಾಜ್ಯದ ಆಶಯ.

ಹಳೆಯ ವಿಮಾನ ಮೈದಾನಕ್ಕೂ ಹಳೆಯ ಗಣಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಮೈದಾನದ ಕೆಳಗೆ ಏನೂ ಇಲ್ಲ. ಕಾಂಕ್ರೀಟ್ ಒಡೆದು ತೆಗೆದರೆ ಮಣ್ಣು ಸಿಗುತ್ತದೆ, ಇಂಧನ ಚೆಲ್ಲಿದ ಜಾಗ ಶುದ್ಧಿ ಮಾಡಿದರೆ ಕಟ್ಟಬಹುದು. ಗಣಿಯ ನೆಲದ ಕೆಳಗೆ ನೂರಾರು ಕಿಲೋಮೀಟರ್ ಸುರಂಗಗಳಿವೆ, ಅವುಗಳಲ್ಲಿ ನೀರು ತುಂಬಿದೆ. ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಆಳದ ಬಂಡೆ ಒತ್ತಡ ತಾಳಲಾರದೆ ಸಿಡಿಯುತ್ತಿತ್ತು. ಕಾರ್ಮಿಕರು ಅದನ್ನು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ಮೇಲಿನ ಮನೆಗಳ ಗೋಡೆಗಳೂ ಅದಕ್ಕೆ ನಡುಗುತ್ತಿದ್ದವು. ಬಂಡೆಗಳ ಈ ವರ್ತನೆ ಅಧ್ಯಯನ ಮಾಡಲೆಂದೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲಿ ಆರಂಭವಾಯಿತು. ಹಾಗಾಗಿ ಈ ನೆಲದಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂಬುದನ್ನು ಗಣಿಯ ಹಳೆಯ ನಕ್ಷೆಗಳೇ ಹೇಳಬೇಕು. ಗುಡ್ಡಗಳ ಮಾತೂ ಹಾಗೆಯೇ. ಬಿರುಗಾಳಿಯ ತಿಂಗಳುಗಳಲ್ಲಿ ಅವುಗಳ ಪುಡಿ ಮನೆಯೊಳಗೆ, ನೀರಿನ ತೊಟ್ಟಿಯೊಳಗೆ ಬರುತ್ತದೆ. ಚಿನ್ನಕ್ಕಾಗಿ ಅವುಗಳನ್ನು ಮತ್ತೆ ಅಗೆಯುವಾಗ ದೂಳು ಏಳದಂತೆ, ಕೊನೆಯಲ್ಲಿ ಉಳಿಯುವ ಮಣ್ಣನ್ನು ಭದ್ರವಾಗಿ ಮುಚ್ಚುವಂತೆ ನೋಡಿಕೊಳ್ಳುವುದು ಅಲ್ಲಿನ ಜನರ ಆರೋಗ್ಯದ ಪ್ರಶ್ನೆ.

ಉಳಿಯಬೇಕಾದ ದಾಖಲೆ

ಏರ್‌ಸ್ಟ್ರಿಪ್ ಆಗಲಿ ಗಣಿಯಾಗಲಿ, ಕೆಲಸ ಮುಗಿದ ನೆಲಕ್ಕೆ ಹೊಸ ಕೆಲಸ ಸಿಗುವುದು ತಪ್ಪಲ್ಲ. ಕೆಜಿಎಫ್‌ನಂಥ ಊರಿಗೆ ಅದು ಅಗತ್ಯ. ದಿನಕ್ಕೆ ನಾಲ್ಕಾರು ಗಂಟೆ ರೈಲಿನಲ್ಲಿ ಕಳೆಯುವ ಜನರಿಗೆ ಮನೆಯ ಹತ್ತಿರ ದುಡಿಮೆ ದೊರೆಯಬೇಕು. ಆದರೆ ಹೊಸ ಬಡಾವಣೆಯ ನಕ್ಷೆ ಹಾಕುವ ಮೊದಲು ಮೂರು ಕೆಲಸಗಳು ಆಗಬೇಕು.

ಒಂದು, ಹಳೆಯ ಉಪಯೋಗದ ಅಳತೆ ನಕ್ಷೆ. ರನ್‌ವೇ ಎಲ್ಲಿಂದ ಎಲ್ಲಿಗೆ ಇತ್ತು, ಇಂಧನದ ತೊಟ್ಟಿ ಎಲ್ಲಿತ್ತು, ಶಾಫ್ಟ್‌ನ ಬಾಯಿ ಎಲ್ಲಿದೆ, ಯಾವುದನ್ನು ಯಾವಾಗ ಮುಚ್ಚಿದರು ಎಂಬುದು ಅದರಲ್ಲಿರಬೇಕು. ಇದು ಸುರಕ್ಷತೆಗೆ ಸಂಬಂಧಿಸಿದ್ದು. ಎರಡು, ನೆಲದ ವಂಶಾವಳಿ. ಗೋಮಾಳವಾಗಿದ್ದದ್ದು, ಯಾರ ಹೊಲವಾಗಿದ್ದದ್ದು, ಯಾವ ಆದೇಶದಿಂದ ಯಾರಿಗೆ ಹೋಯಿತು ಎಂಬ ಹಳೆಯ ಪಹಣಿ, ಸರ್ವೆ ಪುಸ್ತಕಗಳನ್ನು ತೆಗೆದಿಡಬೇಕು. ಸಾರ್ವಜನಿಕ ಕಾರಣಕ್ಕೆ ಕೊಟ್ಟ ಜಮೀನು ಆ ಕಾರಣ ತೀರಿದ ಮೇಲೆ ಯಾರಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಮೂರು, ಕಣ್ಣಿಗೆ ಕಾಣುವ ಒಂದು ಗುರುತು. ಅದು ಉಳಿಸಿಕೊಂಡ ಒಂದು ಕಟ್ಟಡವಾಗಬಹುದು, ಒಂದು ಶಾಫ್ಟ್ ಗೋಪುರವಾಗಬಹುದು, ಹಳೆಯ ರನ್‌ವೇಯ ಗೆರೆಯನ್ನೇ ಹಿಡಿದು ಹಾಕಿದ ರಸ್ತೆಯಾಗಬಹುದು.

ಈ ಮೂರನೆಯದರ ಬೆಲೆ ತಿಳಿಯಲು ಬಂಗಾರಪೇಟೆಯ ರೈಲೇ ಸಾಕ್ಷಿ. ಬಾಲಘಾಟ್ ಗಣಿಗೆ ರೈಲು ನಿಲ್ದಾಣದ ಹೆಸರಿಲ್ಲ, ಹೊರಗಿನವರಿಗೆ ಆ ಗಣಿಯ ನೆನಪೂ ಕಡಿಮೆ. ಕೋರಮಂಡಲ್, ಚಾಂಪಿಯನ್ ಹೆಸರುಗಳನ್ನು ಗಣಿ ಕಾಣದ ಮಕ್ಕಳೂ ದಿನಕ್ಕೆರಡು ಸಲ ಓದುತ್ತಾರೆ. 1944ರಲ್ಲಿ ಲಿಬರೇಟರ್‌ಗಳು ಏರಿಳಿದ ಕೋಲಾರದ ಮೈದಾನಕ್ಕೂ, ಕಾರ್ಖಾನೆಗಳಿಗೆ ನೆಲ ಬಿಟ್ಟುಕೊಡುವ ಎಲ್ಲ ಸಣ್ಣ ಏರ್‌ಸ್ಟ್ರಿಪ್‌ಗಳಿಗೂ ಅಂಥ ಒಂದು ಫಲಕ ಸಲ್ಲಬೇಕು.